ಡೇನಿಯಲ್‌ಗೆ ನಾನು ಕಲಿಸಿದ ಕನ್ನಡ

ಡೇನಿಯಲ್‌ಗೆ ನಾನು ಸುಳ್ಳು ಹೇಳಿದೆ. ತಮಾಷೆಗೆ ಶುರುವಾದದ್ದು, ಹೌದು — ಆದರೆ ನಿಜ ಹೇಳು ಅಂತ ಅವ್ವ ಎದುರಿಗೇ ನಿಂತು ಹೇಳಿದರೂ ನಾನು ಹೇಳಲಿಲ್ಲ. ಅದನ್ನು ತಮಾಷೆ ಅನ್ನಲಿಕ್ಕೆ ಬರುವುದಿಲ್ಲ.

ಆಗ ನಾನು ಹಂಪಿಯಲ್ಲಿ ಗೈಡ್ ಕೆಲಸಕ್ಕೆ ಹೊಸಬ. ಡೇನಿಯಲ್ ಆಫ್ರಿಕಾದವನು, ಮೈಸೂರಿನಲ್ಲಿ ಓದುತ್ತಿದ್ದ, ಕನ್ನಡ ಇನ್ನೂ ಬರುತ್ತಿರಲಿಲ್ಲ. ರಜೆಗೆ ಒಬ್ಬನೇ ಬಂದಿದ್ದ. ಆ ದಿನಗಳಲ್ಲಿ ಟಿವಿಯಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಒಬ್ಬ ನಟ ಮೈಗೆಲ್ಲ ಮಸಿ ಬಳಿದುಕೊಂಡು, ಗುಂಗುರು ಕೂದಲಿನ ಟೋಪನ್ ಹಾಕಿಕೊಂಡು ಆಫ್ರಿಕಾದ ಆಳಾಗುತ್ತಿದ್ದ. "ನಾನು ಇದ್ದಿಲ ಮೂಟೆ, ಒಲೆಗೆ ಹಾಕಿ" ಅಂತ ಕೈಮುಗಿಯುತ್ತಿದ್ದ. ಬುಕ್ಕಸಾಗರದ ನಮ್ಮ ಓಣಿಯೆಲ್ಲ ಒಂದೇ ಟಿವಿ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಹಂಪಿ ಬಜಾರಿನಲ್ಲಿ ಡೇನಿಯಲ್‌ನನ್ನು ಕಂಡು ಎಳನೀರು ಮಾರುವವನೊಬ್ಬ ಆ ಮಾತನ್ನೇ ಕೂಗಿದ. ಸುತ್ತಲಿದ್ದವರು ನಕ್ಕರು. ಏನಂದರು ಅಂತ ಡೇನಿಯಲ್ ಕೇಳಿದ. 'ನಾನು ನಿಮ್ಮ ಅತಿಥಿ, ಮನೆಯವನಂತೆ ನೋಡಿಕೊಳ್ಳಿ' ಅಂತ ಅರ್ಥ, ಬಂದವರು ಹಾಗೆ ಹೇಳುವುದು ನಮ್ಮಲ್ಲಿ ಪದ್ಧತಿ ಅಂದೆ. ಕಲಿಸು ಅಂದ. ಕಲಿಸಿದೆ — ಉಚ್ಚಾರ ತಿದ್ದಿ ತಿದ್ದಿ ಕಲಿಸಿದೆ. ಅಂಗಡಿ ಅಂಗಡಿಯ ಮುಂದೆ ನಿಂತು ಕೈಮುಗಿದು ಹೇಳಿದ. ಜನ ನಕ್ಕಷ್ಟೂ ಅವನಿಗೆ ಖುಷಿ. ಇಂಥ ಪ್ರೀತಿ ಮೈಸೂರಿನಲ್ಲೂ ಸಿಕ್ಕಿಲ್ಲ ಅಂದ.

ನಾನೇನು ಬೆಳ್ಳಗಿದ್ದೇನೆಯೇ? ಹೊಸಪೇಟೆಯ ಸಾಲೆಯಲ್ಲಿ ನನ್ನನ್ನೇ ಕರಿಯಾ ಅಂತ ಕರೆಯುತ್ತಿದ್ದರು. ಅವತ್ತು ನನಗಿಂತ ಕಪ್ಪಗಿನವನೊಬ್ಬ ಸಿಕ್ಕ ಅನ್ನುವ ನೆಮ್ಮದಿ — ಛೀ, ಬರೆಯಲಿಕ್ಕೇ ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಅದೇ.

ಮಧ್ಯಾಹ್ನ ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ತಾಟಿನ ಮುಂದೆ ಕೂತವನು ಅವ್ವನಿಗೂ ಕೈಮುಗಿದು ಅದನ್ನೇ ಹೇಳಿದ. ರೊಟ್ಟಿ ಹಾಕುತ್ತಿದ್ದ ಅವ್ವನ ಕೈ ನಿಂತಿತು.

"ಹಂಗ ಅನಬ್ಯಾಡೋ ಯಪ್ಪಾ" ಅಂತ ಅವನ ತಲೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಟಿವ್ಯಾಗ ನೋಡಿ ನಾನೂ ನಕ್ಕೀನಿ, ಖರೆ. ಉಣ್ಣಾಕ ಕುಂತವನ ಬಾಯಾಗ ಈ ಮಾತ ಇಟ್ಟೀಯಲ್ಲೋ. ಈಗ ಹೇಳ ಅವಗ. ನನ್ನ ಮುಂದ ಹೇಳ."

ಅಮ್ಮ ಏನಂತಾರೆ ಅಂತ ಅವನು ಕೇಳಿದ. ಇನ್ನೊಂದು ರೊಟ್ಟಿ ಹಾಕಿಸಿಕೋ ಅಂತಾಳೆ ಅಂದೆ. ಅವನು ನಗುತ್ತ ತಾಟು ಮುಂದೆ ಹಿಡಿದ.

ಹೊರಡುವಾಗ ದೀಪಾವಳಿಗೆ ಮತ್ತೆ ಬರುತ್ತೇನೆ ಅಂತ ಅವ್ವನ ಕಾಲು ಮುಟ್ಟಿದ. ಬರಲಿಲ್ಲ.

ಮೊನ್ನೆ ಮಗಳು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಆ ಧಾರಾವಾಹಿಯ ತುಣುಕು ಬಂತು. ನನಗೆ ನಗು ಬಂದುಬಿಟ್ಟಿತು — ನೆನಪಾಗುವ ಮೊದಲೇ ಬಂತು. "ಅಪ್ಪಾ, ಇದ್ರಾಗ ನಗೋದು ಏನೈತಿ?" ಅಂದಳು. ಆಗಿನ ಕಾಲವೇ ಹಾಗಿತ್ತು ಅನ್ನಲಿಕ್ಕೆ ಬಾಯಿ ತೆರೆದೆ. ಆದರೆ ಅವ್ವನೂ ಅದೇ ಕಾಲದವಳು. ಮಗಳ ಮುಂದೆ ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. "ಅವರಿಗೆ ಗೊತ್ತಾಗಿರತೈತೇನು?" ಅಂತಷ್ಟೇ ಕೇಳಿದಳು. ಆಗದೆ ಏನು? ಮೈಸೂರಿಗೆ ಹೋಗಿ ಯಾರದೋ ಮನೆಬಾಗಿಲಲ್ಲಿ ಕೈಮುಗಿದು ಹೇಳಿರುತ್ತಾನೆ. ಯಾರೋ ಅರ್ಥ ಬಿಡಿಸಿ ಹೇಳಿರುತ್ತಾರೆ. ಆಗ ಅವನಿಗೆ ಬಜಾರಿನ ನಗು ಒಂದೊಂದಾಗಿ ನೆನಪಾಗಿರುತ್ತದೆ. ಅವ್ವ ತಲೆ ಸವರಿದ್ದೂ ಅಣಕವೇ ಅಂದುಕೊಂಡನೋ ಏನೋ. ನನಗೆ ಹೆಚ್ಚು ಉರಿಯುವುದು ಅಲ್ಲೇ.

ಪ್ರತಿ ದೀಪಾವಳಿಗೂ ಅವ್ವ ಕೇಳುತ್ತಿದ್ದಳು, ಆ ಹುಡುಗಗ ಹೇಳಿದ್ಯೋ ಇಲ್ಲೋ ಅಂತ. ಕಡೆಗೊಂದು ವರ್ಷ, ಹೇಳೀನವ್ವ, ನಕ್ಕು ಬಿಟ್ಟ ಅಂದೆ. ಅದನ್ನು ನಂಬಿಕೊಂಡೇ ಅವಳು ಸತ್ತಳು.