ಇಲ್ಲದ ಕೆರೆಯ ದಂಡೆಯಲ್ಲಿ

ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಭಾವನ ಪಡಸಾಲೆಯಲ್ಲಿ ಟಿವಿಗಿಂತ ದೊಡ್ಡ ಫೋಟೊ ಒಂದು ತೂಗುತ್ತಿದೆ. ಬಾಲಿಯ ಪುರಾತನ ಗುಡಿಯ ಕಲ್ಲಿನ ಬಾಗಿಲು, ಹಿಂದೆ ಬೆಟ್ಟ, ಕೆಳಗೆ ತಿಳಿನೀರಿನ ಕೆರೆ, ನಡುವೆ ಭಾವ, ಅಕ್ಕ, ಅವ್ವ, ನಾನು. ಬಂದವರೆಲ್ಲ ಕೆರೆ ನೋಡಿ ಬೆರಗಾಗುತ್ತಾರೆ. ಅಲ್ಲಿ ಕೆರೆಯೇ ಇಲ್ಲ. ಫೋಟೊ ತೆಗೆಯುವವನು ಮೊಬೈಲಿನ ಕೆಳಗೆ ಚೂರು ಕನ್ನಡಿ ಹಿಡಿಯುತ್ತಾನೆ, ಒಣ ನೆಲವೆಲ್ಲ ನೀರಾಗುತ್ತದೆ. ಈ ಮೋಸಕ್ಕೆ ಪಾಳಿ ಹಚ್ಚಲು ನಾವು ರಾಯಚೂರಿನಿಂದ ಸಮುದ್ರ ದಾಟಿ ಹೋಗಿದ್ದೆವು.

ನಸುಕಿನಲ್ಲೇ ಗೈಡು ನಮ್ಮನ್ನು ಹೊರಡಿಸಿದ. ದೇವದುರ್ಗದ ನಮ್ಮ ಅವ್ವ ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯುವವಳಲ್ಲ. “ಗುಡಿಗೇ ಹೊಂಟೀವಲ್ಲ, ಅಲ್ಲೇ ಮಾಡಿಕೊಂತೀನಿ,” ಎಂದು ಹಿಗ್ಗಿನಿಂದ ವ್ಯಾನು ಹತ್ತಿದಳು. ದಾರಿಯಲ್ಲಿ ಭತ್ತದ ಗದ್ದೆ ತೋರಿಸಿದ. ಭಾವ ಅಲ್ಲಿಯೂ ಇಳಿದು ಫೋಟೊ ತೆಗೆಸಿಕೊಂಡರು. ಮಾನ್ವಿ ಪಕ್ಕದ ಸಿರವಾರದ ಗದ್ದೆಗೆ ಕಾರಿನ ಗಾಜನ್ನೂ ಇಳಿಸದ ಮನುಷ್ಯ!

ಗುಡಿಯಲ್ಲಿ ಅವ್ವನ ಇಳಕಲ್ ಸೀರೆಯ ಮೇಲೆ ಬಾಡಿಗೆ ಲುಂಗಿ ಸುತ್ತಿದರು. ತೊಡೆ ಬಿಟ್ಟುಕೊಂಡು ಬಂದವರಿಗೂ ಅದೇ, ಹಿಮ್ಮಡಿ ಮುಚ್ಚಿ ಬಂದವಳಿಗೂ ಅದೇ. ನಂಬರ್ ಚೀಟಿ ಕೊಟ್ಟು ನಾಲ್ಕು ತಾಸು ಕಾಯಿರಿ ಎಂದರು.

“ದೇವರು ಎಲ್ಲದಾನಪಾ?” ಅವ್ವ ಕೇಳಿದಳು. ಒಳಗಿನ ಮೆಟ್ಟಿಲಿಗೆ ಪ್ರವಾಸಿಗರು ಹತ್ತದಂತೆ ಹಗ್ಗ ಕಟ್ಟಿತ್ತು. ಪೂಜೆಗೆ ಬಂದ ಊರವರು ಹಣ್ಣು ಹೂವಿನ ಬುಟ್ಟಿ ಹೊತ್ತು, ನಮ್ಮತ್ತ ಕಣ್ಣೆತ್ತಿಯೂ ನೋಡದೆ ಹತ್ತಿಹೋದರು. ಸರಿಯಾಗಿಯೇ ಮಾಡಿದರು. ನಾವೆಲ್ಲ ಹೊರಗೆ ತಲೆ ಬಾಚಿಕೊಳ್ಳುತ್ತ ಕೂತಿದ್ದೆವು. ಭಾವ ಕಪ್ಪು ಕನ್ನಡಕ ಏರಿಸಿ ಎರಡೂ ಕೈ ಚಾಚುವ ತಾಲೀಮು ನಡೆಸಿದ್ದರು. ಅಕ್ಕನಿಗೆ ತಾಳಿ ಕಟ್ಟುವಾಗಲೂ ಅವರಲ್ಲಿ ಅಷ್ಟು ಶ್ರದ್ಧೆ ನಾನು ಕಂಡಿರಲಿಲ್ಲ.

ಹೊತ್ತು ನೆತ್ತಿಗೆ ಬಂತು. ಅವ್ವ ಗೋಡೆಯ ನೆರಳಿಗೆ ಕೂತು, ಕೊರಳ ಲಿಂಗ ಬಿಚ್ಚಿ ಎಡಗೈಯಲ್ಲಿಟ್ಟುಕೊಂಡು, ನನ್ನಿಂದ ಬಾಟಲಿ ನೀರು ಹಾಕಿಸಿಕೊಂಡಳು. ವಿಭೂತಿ ಹಚ್ಚಿ ದೃಷ್ಟಿ ನೆಟ್ಟಳು. ಇಡೀ ಅಂಗಳದಲ್ಲಿ ದೇವರನ್ನು ನೋಡುತ್ತಿದ್ದವಳು ಅವಳೊಬ್ಬಳೇ. ತಕ್ಷಣ ನಾಲ್ಕಾರು ಮಂದಿ ಮೊಬೈಲು ಹಿಡಿದು ಮುತ್ತಿದರು. ಒಬ್ಬಳಂತೂ ಅವಳ ಮಗ್ಗುಲಿಗೆ ಕುಕ್ಕರಿಸಿ ಹಲ್ಲು ಕಿರಿದಳು. ಥೂ! ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಭಾವ ಓಡಿ ಬಂದರು. “ಬರ್ರಿ ಬರ್ರಿ, ನಮ್ ನಂಬರ್ ಬಂತು! ತಪ್ಪಿದ್ರ ಮತ್ತ ನಾಕು ತಾಸು!”

“ಇನ್ನೊಂದೀಟು ತಡೀರಿ,” ಎಂದಳು ಅವ್ವ, ತಲೆ ಎತ್ತದೆ.

ನೀವೇ ಹೋಗಿ ನಿಲ್ಲಿರಿ ಎಂದು ಭಾವನಿಗೆ ನಾನು ಹೇಳಬಹುದಿತ್ತು. ಊರಿಗೆಲ್ಲ ಉಗಿಯುವ ಬಾಯಿ ನನ್ನದು. “ಯವ್ವಾ, ಲಗೂ ಏಳು, ಮಂದಿ ಕಾಯಾಕತ್ತಾರ,” ಎಂದು ನಾನೇ ಅವ್ವನ ರಟ್ಟೆ ಹಿಡಿದು ಎಬ್ಬಿಸಿದೆ. ನನಗೂ ಆ ಫೋಟೊ ಬೇಕಿತ್ತು.

ಪೂಜೆ ನಡುವೆ ಮುರಿದರೆ ಮತ್ತೆ ಮಿಂದು ಮೊದಲಿನಿಂದ ಮಾಡಬೇಕೆಂಬುದು ಅವಳ ನೇಮ. ಸಂಜೆ ಹೋಟೆಲು ಸೇರುವವರೆಗೆ ಅವಳು ಹನಿ ನೀರು ಮುಟ್ಟಲಿಲ್ಲ.

ಫೋಟೊದಲ್ಲಿ ನಾವು ಮೂವರು ಕೈ ಚಾಚಿ ನಗುತ್ತಿದ್ದೇವೆ. ಅವ್ವ ಒಣಗಿದ ತುಟಿಯಲ್ಲಿ, ಎಡಗೈ ಮುಷ್ಟಿಯನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ.

“ಯವ್ವಾರ ಕೈಯಾಗ ಏನದರೀ?” ಎಂದು ಬಂದವರು ಕೇಳುತ್ತಾರೆ.

“ಏನಿಲ್ಲ ಬಿಡ್ರಿ, ಕೆರಿ ನೋಡ್ರಿ,” ಎನ್ನುತ್ತಾರೆ ಭಾವ. ನಾನು ಬಾಯಿ ಬಿಡುವುದಿಲ್ಲ.