ಎರಡನೆಯ ಡಬ್ಬಿ ಯಾವುದು

ಒದ್ದೆ ಬಟ್ಟೆಯಿಂದ ಒರೆಸುವುದು ಯಾರಿಗೂ ಕೇಡು ಮಾಡದ ಕೆಲಸವೆಂದು ನೀವೂ ನಂಬಿಕೊಂಡಿರಬಹುದು. ಎಂಬತ್ತರ ದಶಕದ ಕೊನೆಯ ಒಂದು ಆಯುಧಪೂಜೆಯ ಮರುದಿನದವರೆಗೆ ನಾನೂ ಹಾಗೆಯೇ ನಂಬಿದ್ದೆ.

ಆಗ ನಾನು ಸಾಗರದಲ್ಲಿ, ಮಲೆನಾಡಿನ ಗಿಡ್ಡ ತಳಿಯ ದನಗಳ ವಂಶಾವಳಿ ದಾಖಲಿಸುವ ಪುಟ್ಟ ಕಚೇರಿಯೊಂದರ ಮೇಲ್ವಿಚಾರಕ. ಕಿಟಕಿ ಹಾಕಿದೆನೇ, ಬೀಗ ಕಚ್ಚಿತೇ ಎಂದು ಮೇಲಿಂದ ಮೇಲೆ ವಿಚಾರ ಮಾಡುವುದೇ ನನ್ನ ನಿಜವಾದ ಹುದ್ದೆ. ಕೆಲಸವೆಲ್ಲ ಸಹಾಯಕಿ ಗುಲಾಬಿಯದು. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳನ್ನು ಎರಡು ವರ್ಷ ಸುತ್ತಿ, ಹೆಂಗಸರು ಹಾಲು ಕರೆಯುತ್ತಲೇ ಹೇಳಿದ ಹಸುಗಳ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಬರೆದು ತಂದು, ಒಂದೊಂದಾಗಿ ಕಂಪ್ಯೂಟರಿಗೆ ಹೊಡೆದವಳು ಅವಳು. ಹುಂಚದ ಕಡೆಯ ಅಜ್ಜಿಯೊಬ್ಬರು ತಮ್ಮ ಕೊಟ್ಟಿಗೆಯ ಏಳು ತಲೆಮಾರನ್ನು ತಡವರಿಸದೆ ಹೇಳಿ, ಮರುವರ್ಷವೇ ತೀರಿಕೊಂಡಿದ್ದರು. ಬರೆದ ಪುಸ್ತಕಗಳನ್ನು ಗೆದ್ದಲು ಮುಗಿಸಿತ್ತು. ಉಳಿದದ್ದು ಕಂಪ್ಯೂಟರಿನ ಪಕ್ಕದ ಎರಡು ಡಬ್ಬಿಗಳು: ಎರಡರೊಳಗೂ ಒಂದೊಂದು ಡಿಸ್ಕ್, ಎರಡರಲ್ಲೂ ಅದೇ ಬರಹ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಈ ಏರ್ಪಾಟನ್ನು ನನ್ನಂಥ ಪುಕ್ಕಲನೊಬ್ಬನೇ ಕಂಡುಹಿಡಿದಿರಬೇಕು.

ಆಯುಧಪೂಜೆಯಲ್ಲಿ ಅವಕ್ಕೂ ಗಂಧ, ಕುಂಕುಮ ಬಿತ್ತು. ಗಂಧದ ನೀರು ಸಂದಿಯೊಳಗೆ ಇಳಿದರೇನು ಗತಿ ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ದಶಮಿಯ ರಜೆಯಲ್ಲೂ ಒಬ್ಬನೇ ಬಂದು ಒರೆಸಿದೆ. ಒಂದು, ಎರಡು ಎಂದು ಬರೆದು ಅಂಟಿಸಿದ್ದ ಚೀಟಿಗಳೆರಡೂ ಬಟ್ಟೆಯ ಜೊತೆ ಕೈಗೆ ಬಂದವು. ಯಾರೂ ನೋಡಿರಲಿಲ್ಲ. ಅಂದಾಜಿನ ಮೇಲೆ ಗೋಂದು ಹಚ್ಚಿ ಮತ್ತೆ ಅಂಟಿಸಿದೆ.

ತಿಂಗಳು ಕಳೆಯುವುದರೊಳಗೆ, ಎರಡನೆಯ ಡಿಸ್ಕ್ ಕೆಟ್ಟಿದೆಯೆಂದು ಪರದೆ ಹೇಳಿತು. ಶಿವಮೊಗ್ಗದಿಂದ ರಿಪೇರಿಯ ನಾಗರಾಜ ಹೊಸ ಡಿಸ್ಕಿನೊಂದಿಗೆ ಬಂದ.

“ಎರಡನೇದು ತಾನೆ ಸಾರ್? ಹತ್ತು ನಿಮಿಷದ ಕೆಲ್ಸ. ಹನ್ನೊಂದರ ಬಸ್ಸಿಗೆ ಹೋಗ್ತೀನಿ,” ಎನ್ನುತ್ತಲೇ ಚೀಟಿ ನೋಡಿ ವೈರಿಗೆ ಕೈ ಹಾಕಿದ. ಯಂತ್ರ ನಿಲ್ಲಿಸುವ ವ್ಯವಧಾನವೂ ಅವನಿಗಿರಲಿಲ್ಲ. ನಡೆಯುತ್ತಿರುವಾಗ ಒಳ್ಳೆಯ ಡಿಸ್ಕನ್ನು ಕಿತ್ತರೆ ಅದರಲ್ಲಿದ್ದದ್ದೂ ಹಾಳಾಗಬಹುದೆಂದು ಹಿಂದೊಮ್ಮೆ ಅವನೇ ಹೇಳಿದ್ದ.

ಗುಲಾಬಿ ನಿಶ್ಚಿಂತೆಯಿಂದ ಪಕ್ಕದಲ್ಲಿ ನಿಂತಿದ್ದಳು. ಘಾಟಿಯಲ್ಲಿ ಬಸ್ಸು ಉರುಳೀತು, ಫ್ಯಾನು ಕಳಚಿ ತಲೆಯ ಮೇಲೆ ಬಿದ್ದೀತು ಎಂಬ ನನ್ನ ಭಯಗಳನ್ನೆಲ್ಲ ದಿನವೂ ಕೇಳಿಸಿಕೊಂಡವಳಿಗೆ ಈ ಒಂದನ್ನು ಮಾತ್ರ ನಾನು ಹೇಳಿರಲಿಲ್ಲ. ಪುಕ್ಕಲರ ಗುಟ್ಟನ್ನು ನಿಮ್ಮೆದುರು ಬಿಚ್ಚಿಡುತ್ತೇನೆ ಕೇಳಿ: ಲೋಕ ಮಾಡಬಹುದಾದ ತಪ್ಪುಗಳಿಗೆ ನಾವು ಗಟ್ಟಿಯಾಗಿ ಹೆದರುತ್ತೇವೆ, ನಾವೇ ಮಾಡಿದ್ದಕ್ಕೆ ಸದ್ದಿಲ್ಲದೆ.

“ತಡಿ ಮಾರಾಯಾ,” ಎಂದೆ. “ಆ ಚೀಟಿ ಕಿತ್ತು ಬಂದಿತ್ತು. ನಾನೇ ಅಂಟ್ಸಿದ್ದು. ಅದಲು ಬದಲಾಗಿರಬಹುದು.”

ನಾಗರಾಜ ಕೈ ಹಿಂದಕ್ಕೆಳೆದುಕೊಂಡ. “ಹೋಯ್ತು ನನ್ ಬಸ್ಸು!”

“ಸಂಜೆಗೂ ಬಸ್ಸಿದೆ,” ಎಂದಳು ಗುಲಾಬಿ, ನನ್ನತ್ತ ನೋಡದೆ. “ಮೊದ್ಲು ಇದ್ದಿದ್ದನ್ನೆಲ್ಲ ಫ್ಲಾಪಿಗೆ ಇಳ್ಸಿ. ಆಮೇಲೆ ಏನ್ ಬೇಕಾದ್ರೂ ಕಿತ್ಕೊಳ್ಳಿ.”

ಫ್ಲಾಪಿಗಳು ಒಂದೊಂದಾಗಿ ತುಂಬುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ನಂತರ ಯಂತ್ರವನ್ನು ಪೂರ್ತಿ ಆರಿಸಿ, ಎರಡು ಎಂಬ ಚೀಟಿಯ ಡಬ್ಬಿಯ ವೈರನ್ನಷ್ಟೇ ಬಿಡಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದರು. ಪರದೆ ಕಪ್ಪಗೇ ಉಳಿಯಿತು. ಆರಿಸಿ, ಅದನ್ನು ಸಿಕ್ಕಿಸಿ, ಇನ್ನೊಂದನ್ನು ಬಿಡಿಸಿ ಚಾಲೂ ಮಾಡಿದಾಗ ಹಸುಗಳು ಸಾಲಾಗಿ ಬಂದವು. ಹುಂಚದ ಏಳೂ ಇದ್ದವು. ಗಟ್ಟಿಮುಟ್ಟಾಗಿದ್ದ ಡಿಸ್ಕಿನ ಮೇಲೆ ನಾನು ರೋಗಿಯ ಹೆಸರು ಅಂಟಿಸಿದ್ದೆ.

ನಾಗರಾಜ ಕೆಟ್ಟದ್ದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಅದಕ್ಕೆ ಬರಹದ ಪ್ರತಿ ಇಳಿಯಲು ಬಿಟ್ಟು, ಚಹಾ ಕುಡಿಯಲು ಹೋದ. ಗುಲಾಬಿ ಹೊಗಳಲಿಲ್ಲ, ಬೈಯಲೂ ಇಲ್ಲ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಹೆದರೋದಿದ್ರೆ ಬಾಯ್ಬಿಟ್ಟು ಹೆದ್ರಿ ಸಾರ್. ನಾವೂ ಜೊತೆಗೆ ಹೆದರ್ತೀವಿ.”