ಬ್ಯಾರನ್ನಿನಲ್ಲಿ ಬೆಂದ ಗಿಟಾರು

ಬುದ್ಧಿ ಉಪಯೋಗಿಸಿ ನಾನು ಹಾಳು ಮಾಡಿದಷ್ಟು ವಸ್ತುಗಳನ್ನು ದಡ್ಡತನದಿಂದ ಹಾಳು ಮಾಡಿಲ್ಲ. ಆ ಪಟ್ಟಿಗೆ ಈಚೆಗೆ ಸೇರಿದ್ದು ಸಿದ್ದರಾಜುವಿನ ಎಲೆಕ್ಟ್ರಿಕ್ ಗಿಟಾರು.

ಸಿದ್ದರಾಜು ನನ್ನ ಗೆಳೆಯ. ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಆರ್ಕೆಸ್ಟ್ರಾಗಳಲ್ಲಿ ನುಡಿಸಿಕೊಂಡಿದ್ದವನು ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ತಿಥಿ ಕಳೆದ ಮೇಲೆ ಅವನ ಹೆಂಡತಿ ಭಾಗ್ಯ ಗಿಟಾರನ್ನು ನನ್ನ ಕೈಗಿಟ್ಟು, ವರ್ಷದ ಎಡೆ ಇಡುವ ದಿನ ಬಂದು ನುಡಿಸಬೇಕು, ಅವರ ದನಿ ಇನ್ನೊಂದು ಸಲ ಕೇಳಬೇಕು ಎಂದಿದ್ದಳು. ನನಗೆ ಬರುತ್ತಿದ್ದದ್ದು ಅವನು ಕಲಿಸಿದ ನಾಲ್ಕು ಹಾಡು, ಅವೂ ಕುಂಟುತ್ತಿದ್ದವು. ಆದರೂ ಒಪ್ಪಿಕೊಂಡೆ.

ಈ ಸಲದ ಮಳೆಗೆ ಬೆಟ್ಟದಪುರದ ಕಡೆ ಶೀತವೋ ಶೀತ. ಗಿಟಾರಿನೊಳಗೆ ಕರಕರ ಸದ್ದು ಶುರುವಾಯಿತು. ಒಣಗದ ಯಾವುದಕ್ಕೂ ನಮ್ಮಲ್ಲಿ ಒಂದೇ ಔಷಧ, ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಮಕ್ಕಳ ಯೂನಿಫಾರಂ, ಕಂಬಳಿ, ಒಮ್ಮೆ ನೆನೆದುಹೋದ ಪಹಣಿ ಪತ್ರ ಕೂಡ ಅದರ ಕಾವಿಗೇ ಒಣಗಿವೆ. ಮೇಲಾಗಿ, ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ತಾನೆ ದನಿ ಏರುವುದು? ಚರ್ಮಕ್ಕೆ ಒಪ್ಪಿದ್ದು ಮರಕ್ಕೂ ಒಪ್ಪೀತು ಎಂದು ತರ್ಕ ಮಾಡಿ, ಸೊಪ್ಪಿನ ಜೊತೆ ಗಿಟಾರನ್ನೂ ನೇತುಹಾಕಿ ಬಾಗಿಲು ಮುಚ್ಚಿದೆ.

ಸೊಪ್ಪು ಇಳಿಸುವ ದಿನ ಅದನ್ನೂ ಇಳಿಸಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ, ಕೀಂ ಎಂದು ಕಿರುಚಿತು.

ಹುಣಸೂರಿನಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವ ರಹೀಂ ಸಾಬರು ಬಿಚ್ಚಿ ನೋಡಿದರು. ಗಿಟಾರಿನ ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಭಾಗಕ್ಕೆ ಪಿಕಪ್ ಎನ್ನುತ್ತಾರಂತೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳನೆಯ ತಾಮ್ರದ ಎಳೆ, ಅದು ಅಲುಗದಂತೆ ಮೇಣ. ಆ ಮೇಣವೆಲ್ಲ ಕರಗಿ ಸೋರಿಹೋಗಿತ್ತು.

"ಬೇಯ್ಸಕ್ಕೆ ಇದೇನ್ ಸೊಪ್ಪೇನ್ರೀ?" ಎಂದರು ಸಾಬರು.

ಪಿಕಪ್ಪು, ವೈರು, ಸ್ವಿಚ್ಚು ಎಲ್ಲ ಹೊಸದು ಹಾಕಬೇಕಾಯಿತು. ಹಳೆಯ ದನಿಯೇ ಬರುತ್ತದಲ್ಲವೇ ಎಂದು ಮೂರು ಸಲ ಕೇಳಿದೆ. ಮರ ಹಳೆಯದೇ ಇದೆಯಲ್ಲ ಎಂದಷ್ಟೇ ಹೇಳಿ ಅವರು ಬೆಸುಗೆ ಹಾಕತೊಡಗಿದರು.

ಬರಲಿಲ್ಲ. ಸಿದ್ದರಾಜು ನುಡಿಸುವಾಗ ಹಿಂದೆ ಒಂದು ಒರಟು ಗುಂಯ್ ಇರುತ್ತಿತ್ತು, ಗಂಟಲು ಕಟ್ಟಿದವರು ಹಾಡಿದ ಹಾಗೆ. ಅದು ಹಳೆಯ ವೈರಿಂಗಿನ ದೋಷವಂತೆ. ಈಗ ದೋಷ ಹೋಗಿತ್ತು, ಅದರ ಜೊತೆ ಅವನೂ ಹೋಗಿದ್ದ. ಗೆಳೆಯನನ್ನು ಎರಡನೆಯ ಸಲ ಮಣ್ಣು ಮಾಡಿದಷ್ಟು ಸಂಕಟವಾಯಿತು. ಸತ್ತವರ ಬಟ್ಟೆ, ಕನ್ನಡಕ, ಫೋಟೋ ಎಲ್ಲವನ್ನೂ ಕಾಪಾಡುತ್ತೇವೆ. ಅವರ ದೋಷಗಳನ್ನೂ ಕಾಪಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಎಡೆಯ ದಿನ ಭಾಗ್ಯಳಿಗೆ ಏನೂ ಹೇಳದೆ ನುಡಿಸಿದೆ. ಹೆದರಿ ಹೆದರಿ ನುಡಿಸಿದ್ದಕ್ಕೋ ಏನೋ, ಎಲ್ಲೂ ತಪ್ಪಲಿಲ್ಲ. ಅವಳು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದಳು.

"ಚೆಂದಾಗದೆ ಕಣಣ್ಣ," ಎಂದಳು. "ನಮ್ಮೆಜಮಾನ್ರು ಇಷ್ಟು ಚೆಂದಾಗಿ ಯಾವತ್ತೂ ಬಾರಿಸ್ತಿರ್ನಿಲ್ಲ."

ನನ್ನ ಸಂಗೀತವನ್ನು ಒಬ್ಬರು ಹೊಗಳಿದ್ದು ಜೀವಮಾನದಲ್ಲಿ ಅದೇ ಮೊದಲು. ಹೊಗಳಿಕೆಯನ್ನು ವಾಪಸು ಕೊಡುವ ದಾರಿಯೊಂದಿದ್ದರೆ ಅಲ್ಲೇ, ಅವನ ಎಡೆಯ ಮುಂದೆಯೇ, ಇಟ್ಟು ಬರುತ್ತಿದ್ದೆ.